ಇಲಿಯ ಮಿದುಳು, ಮನುಷ್ಯನ ಆಸೆ

ಮಾನ್ಯರೇ,

ಮಿದುಳಿನ ಕೋಶಗಳನ್ನು ಕಾಪಾಡುವ ಔಷಧಿ ಸಿಕ್ಕಿತು ಎಂಬ ಸುದ್ದಿ ಆಗಾಗ ಬರುತ್ತದೆ. ಪ್ರಯೋಗ ನಡೆದಿದ್ದು ಇಲಿಗಳ ಮೇಲೆ ಅಂತ ಗೊತ್ತಾಗುವುದು ಕೊನೆಯ ಸಾಲಿನಲ್ಲಿ. ಆ ಸಾಲನ್ನು ದಯವಿಟ್ಟು ಮೇಲಕ್ಕೆ ತನ್ನಿ.

ತಲೆಗೆ ಪೆಟ್ಟು ಬಿದ್ದ ಕ್ಷಣದಲ್ಲಿ ಆಗುವ ಹಾನಿ ಒಂದು. ಆಮೇಲೆ ಗಂಟೆಗಟ್ಟಲೆ, ದಿನಗಟ್ಟಲೆ ನಡೆಯುವುದು ಇನ್ನೊಂದು: ಗಾಯಗೊಂಡ ನರಕೋಶ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಸುರಿಸುತ್ತದೆ, ಪಕ್ಕದ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಕೈಚೆಲ್ಲುತ್ತದೆ, ಮಿದುಳು ಊದುತ್ತದೆ. ಸಂಶೋಧಕರು ಬೆನ್ನುಹತ್ತಿರುವುದು ಈ ಎರಡನೆಯದನ್ನು. ಇದಕ್ಕೆ ಊತ ಇಳಿಸಲೆಂದು ಸ್ಟೆರಾಯ್ಡ್ ಕೊಡುವುದು ದಶಕಗಳ ಕಾಲ ಹಲವೆಡೆ ರೂಢಿಯಲ್ಲಿತ್ತು. 10 ಸಾವಿರ ಗಾಯಾಳುಗಳ 'ಕ್ರ್ಯಾಶ್' ಪ್ರಯೋಗದ ಫಲಿತಾಂಶ 2004ರಲ್ಲಿ ಬಂತು: ಸ್ಟೆರಾಯ್ಡ್ ಪಡೆದವರಲ್ಲಿ ಶೇ 21.1, ಪಡೆಯದವರಲ್ಲಿ ಶೇ 17.9 ಮಂದಿ ಎರಡು ವಾರದೊಳಗೆ ಸತ್ತಿದ್ದರು! ಇಲಿಗಳಲ್ಲಿ ಗೆದ್ದಿದ್ದ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಕೂಡ, 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಮನುಷ್ಯರಿಗೆ ಕೆಲಸಕ್ಕೆ ಬರಲಿಲ್ಲ. (ಪ್ರಯೋಗಾಲಯದ ಇಲಿಗಳಿಗೆ ಹೆಚ್ಚುಕಮ್ಮಿ ಒಂದೇ ವಯಸ್ಸು, ಅಳೆದು ಕೊಟ್ಟ ಪೆಟ್ಟು. ನಮಗೆ ಹಾಗಲ್ಲವಲ್ಲ.)

ಎಲ್ಲವೂ ಸೋತಿಲ್ಲ. ಹುಟ್ಟುವಾಗ ಆಮ್ಲಜನಕ ಸಿಗದ ಶಿಶುಗಳನ್ನು 72 ಗಂಟೆ ತಂಪಾಗಿಡುವ ಚಿಕಿತ್ಸೆ ಶ್ರೀಮಂತ ದೇಶಗಳ ಪ್ರಯೋಗಗಳಲ್ಲಿ ನಿಜಕ್ಕೂ ಮಿದುಳು ಉಳಿಸಿದೆ.

ನನ್ನ ಅಣ್ಣ ಐಸಿಯುನಲ್ಲಿದ್ದಾಗ ಇಂಥದ್ದೇ ಸುದ್ದಿಯೊಂದನ್ನು ಕತ್ತರಿಸಿ ವೈದ್ಯರ ಮುಂದೆ ಹಿಡಿದಿದ್ದೆ. ಅವರು ಓದಿ, ಮಡಚಿ ವಾಪಸ್ ಕೊಟ್ಟರು. ಮಾನಿಟರ್‌ನಲ್ಲಿ ರಕ್ತದೊತ್ತಡ, ಆಮ್ಲಜನಕದ ಅಂಕಿಗಳತ್ತ ಬೆರಳು ತೋರಿಸಿ, "ಸದ್ಯಕ್ಕೆ ನಮ್ಮ ಔಷಧಿ ಇವೇ" ಎಂದರು.

– ಒಬ್ಬ ಓದುಗ