ಕೆಲಸವಿಲ್ಲದ ದಿನವೂ ಗೇಟಿನಲ್ಲಿ ಸಹಿ ಹಾಕಿ

ಮಾನ್ಯ ಸಂಪಾದಕರೇ,

ಆರ್ಡರ್ ಇಲ್ಲವೆಂದು ಕೆಲಸದ ದಿನ ಕಡಿತವಾದಾಗ ಮೈಸೂರಿನ ಹೆಬ್ಬಾಳ, ನಂಜನಗೂಡು ಕಡೆಯ ಕಾರ್ಖಾನೆಗಳ ಕಾರ್ಮಿಕರು ಮನೆಯಲ್ಲೇ ಉಳಿದುಬಿಡುತ್ತಾರೆ. ನಷ್ಟ ಶುರುವಾಗುವುದೇ ಅಲ್ಲಿ. 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ದುಡಿದ ಕಾಯಂ ಕೆಲಸಗಾರರಿಗೆ ಲೇ-ಆಫ್ (ಮಾಲೀಕರೇ ಕೆಲಸ ಕೊಡದ) ದಿನಗಳಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. ಎರಡೂ ಸೇರಿ ತಿಂಗಳಿಗೆ 13,000 ರೂಪಾಯಿ ಇದ್ದರೆ, 26 ದಿನದ ಲೆಕ್ಕದಲ್ಲಿ ದಿನಕ್ಕೆ 250. ಆದರೆ ನಿಗದಿತ ವೇಳೆಗೆ ದಿನಕ್ಕೊಮ್ಮೆ ಹಾಜರಾಗದಿದ್ದರೆ ಆ ಹಣ ಕೈತಪ್ಪುತ್ತದೆ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಸಾಧ್ಯವಾದರೆ ಆ ಪುಟದ ಫೋಟೊ ಇಟ್ಟುಕೊಳ್ಳಿ. 'ಸ್ವಂತ ಕಾರಣಕ್ಕೆ ರಜೆ' ಎಂದು ಬರೆಸಿಕೊಳ್ಳಲು ಬಂದರೆ ಖಂಡಿತ ಒಪ್ಪಬೇಡಿ. ಖಾಲಿ ಹಾಳೆಗಂತೂ ಸಹಿ ಬೇಡವೇ ಬೇಡ.

ಮಾಲೀಕರ ಮೇಲೆ ಅನುಮಾನವಿದ್ದರೆ ಸಂಬಳದ ಚೀಟಿ ಮತ್ತು ಪಿಎಫ್ ಪಾಸ್‌ಬುಕ್ಕನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಚೀಟಿಯಲ್ಲಿ 1,560 ರೂಪಾಯಿ ಕಡಿತವಾಗಿದೆ, ಪಾಸ್‌ಬುಕ್ ತೋರಿಸುವ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಆ ತಿಂಗಳ ಸಾಲೇ ಇಲ್ಲ ಎಂದರೆ ಹಣ ಕಟ್ಟಿಲ್ಲವೆಂದೇ ಶಂಕಿಸಬೇಕು. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕೆಂಬುದು ನಿಯಮ. ನಮೂದಾಗಲು ಕೆಲ ದಿನ ಹಿಡಿಯಬಹುದು, ಎರಡು ತಿಂಗಳಾದರೂ ಕಾಣದಿದ್ದರೆ ಪಿಎಫ್ ಕಚೇರಿಗೆ ಲಿಖಿತ ದೂರು ಕೊಡಿ.

ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ವಿಚಾರ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್ ಹೀಗೆ ಪ್ರತಿ ಅವಧಿಯಲ್ಲೂ ವಂತಿಗೆ ಕಟ್ಟಿದ ದಿನಗಳು 78ಕ್ಕಿಂತ ಕಡಿಮೆಯಾದರೆ ಕಾಯಿಲೆ ಭತ್ಯೆ ಸಿಗುವುದಿಲ್ಲ. ವಾರಕ್ಕೆ ಮೂರೇ ದಿನ ಕೆಲಸವಾದರೆ ಆರು ತಿಂಗಳಿಗೆ ಸರಿಸುಮಾರು ಅಷ್ಟೇ. ಒಂದೆರಡು ಹಾಜರಿ ತಪ್ಪಾಗಿ ಬಿಟ್ಟುಹೋದರೂ ಭತ್ಯೆ ಹೋಯಿತು. ಕಾರ್ಮಿಕ ಇಲಾಖೆಯವರು ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಬಳಿಯೇ ಇದನ್ನು ತಿಳಿಹೇಳಲಿ.

– ಓದುಗ, ಮೇಟಗಳ್ಳಿ, ಮೈಸೂರು