ಮಾರ್ಕು ಹಾಕುವ ತಂಗಿಗೆ

ಮಡಿಕೇರಿ
ಕಕ್ಕಡ ತಿಂಗಳು

ಪ್ರೀತಿಯ ತಂಗಿ,

ನಿನ್ನ ಕಾಗದ ಅರ್ಧ ಒದ್ದೆಯಾಗಿ ಬಂತು. ಈ ಮಳೆಯಲ್ಲಿ ಬಂದಿದ್ದೇ ದೊಡ್ಡದು. ನಾಲ್ಕು ದಿನದಿಂದ ಕರೆಂಟಿಲ್ಲ. ಪುಸ್ತಕದ ಬೀರುವಿನೊಳಗೆ ಮಳೆಗಾಲ ಪೂರ್ತಿ 40 ವ್ಯಾಟಿನ ಬಲ್ಬು ಉರಿಸಿ ಇಡ್ತೀನಲ್ಲ, ಅದೂ ಆರಿದೆ. ಬೂಷ್ಟಿಗೆ ಹಬ್ಬ. ಕೈಗೆ ಸಿಕ್ಕಿದಷ್ಟು ಪುಸ್ತಕ ತೆಗೆದು ಒಲೆ ಮೇಲಿನ ಅಟ್ಟಕ್ಕೆ ಹಾಕಿದ್ದೇನೆ. ಅದರಲ್ಲಿ ನಿನ್ನ ಎರಡು ಸ್ಟಾರ್ ಟ್ರೆಕ್ ಕಾದಂಬರಿಗಳೂ ಇವೆ, ಅಮೆರಿಕದ ಆ ಬಾಹ್ಯಾಕಾಶದ ಟಿವಿ ಧಾರಾವಾಹಿಯವು. ವಾಪಸ್ ಬರುವಾಗ ಹೊಗೆ ವಾಸನೆ ಇರುತ್ತದೆ, ಬೈಬೇಡ.

ಆ ಸರಣಿಯ ಕಾದಂಬರಿಗಳನ್ನೆಲ್ಲ ಓದಿ, ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಮಾರ್ಕು ಹಾಕಲು ಹೊರಟಿದ್ದೀಯ. 43 ಮುಗಿದಿವೆ. "ಇದು ಬರೀ ಹುಚ್ಚಾ ಅಕ್ಕ, ಇಲ್ಲ ನನ್ನ ಬರವಣಿಗೆಗೆ ಏನಾದ್ರೂ ಉಪಯೋಗ ಇದೆಯಾ?" ಅಂತ ಕೇಳಿದ್ದೀಯ. ಹುಚ್ಚೇ. ಮೂಲ ಧಾರಾವಾಹಿ 1966ರಿಂದ 1969ರವರೆಗೆ ನಡೆದದ್ದು ಬರೀ 79 ಕಂತು. ಅದರ ಬೆನ್ನಿಗೆ ಹುಟ್ಟಿದ ಪುಸ್ತಕಗಳು 800 ದಾಟಿವೆ. ವಾರಕ್ಕೊಂದು ಓದಿದರೂ ಹದಿನೈದು ವರ್ಷ ಬೇಕು. ರಾಮಾಯಣದ ಕವಿಗಳ ಭಾರಕ್ಕೇ ತಿಣುಕಿದ ಫಣಿರಾಯನ ತಲೆ ಮೇಲೆ ಇದನ್ನೂ ಹೇರಿದ್ದರೆ ಅವನ ಗತಿ ಏನು! ನಮ್ಮ ಕೊಡಗಿನ ಗೌರಮ್ಮನವರ ಕಥೆಗಳನ್ನು ಓದೋಕೆ ಎರಡು ಸಂಜೆ ಸಾಕು. ಪಾಪ, ಅವರು ಬದುಕಿದ್ದೇ 27 ವರ್ಷ. ಅದನ್ನು ಓದಿಲ್ಲ ಅಂದ್ರೆ ಮೊದಲು ಅದು ಮುಗಿಸು. ಆಮೇಲೆ ಬಾಹ್ಯಾಕಾಶ.

ಉಪಯೋಗದ ಮಾತಿಗೆ ಬರ್ತೀನಿ. ನಿನ್ನ ಪಟ್ಟಿಯಲ್ಲಿ ಜೇಮ್ಸ್ ಬ್ಲಿಶ್ 1970ರಲ್ಲಿ ಬರೆದ 'ಸ್ಪಾಕ್ ಮಸ್ಟ್ ಡೈ!' ಇದೆ. ಮುಂದೆ 3 ಅಂತ ಬರೆದು, "ಸ್ಪಾಕ್ ಸಾಯಲ್ಲ ಅಂತ ಮೊದಲೇ ಗೊತ್ತು, ಮಜಾ ಇಲ್ಲ" ಅಂದಿದ್ದೀಯ. ಅಲ್ಲಿಯೇ ನೀನು ತಪ್ಪಿದ್ದು. ಸಾಯಲ್ಲ ಅನ್ನೋದು ಬ್ಲಿಶ್‌ಗೂ ಗೊತ್ತಿತ್ತು. ಸ್ಪಾಕ್ ಧಾರಾವಾಹಿಯ ಮುಖ್ಯ ಪಾತ್ರಗಳಲ್ಲೊಂದು, ಬ್ಲಿಶ್‌ನದಲ್ಲ, ಸ್ಟುಡಿಯೋದ್ದು. ಬಾಡಿಗೆ ಮನೆ ಇದ್ದ ಹಾಗೆ. ಗೋಡೆ ಒಡೆಯುವ ಹಾಗಿಲ್ಲ, ಬಿಟ್ಟು ಹೋಗುವಾಗ ಬಂದಾಗ ಹೇಗಿತ್ತೋ ಹಾಗೇ ಇರಬೇಕು. ಅವನು ಏನು ಮಾಡಿದ? ಮನುಷ್ಯರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಯಂತ್ರದಲ್ಲಿ ಎಡವಟ್ಟಾಗಿ, ಇಬ್ಬರು ಸ್ಪಾಕ್ ಆಗಿಬಿಟ್ಟರು ಅಂತ ಮಾಡಿದ. ಈಗ ಒಬ್ಬ ಸಾಯಲೇಬೇಕು. ಯಾರು ಅಸಲಿ? ಓದುಗರಿಗೆ ಗೊತ್ತಿದ್ದದ್ದನ್ನೇ ಹಿಡಿದು ಓದುಗರನ್ನು ಕಾಡಿಸಿದ. ಗದ್ಯ ಒಣಕಲು, ಒಪ್ಪುತ್ತೇನೆ. ಆದರೆ ಆ ಉಪಾಯಕ್ಕೆ ಮೂರೇ ಮಾರ್ಕಾ?

ಸಂಪಾಜೆ ಕಡೆ ತಾಳಮದ್ದಲೆಗೆ ಹೋಗಿದ್ದೀಯಲ್ಲ. ಕರ್ಣ ಸಾಯ್ತಾನೆ ಅಂತ ಅಲ್ಲಿ ಕೂತ ಹುಡುಗರಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಯಾಕೆ ಕೂರ್ತಾರೆ? ಈ ಅರ್ಥಧಾರಿ ಇವತ್ತು ಏನು ಹೇಳ್ತಾನೆ ಅಂತ. ಈ ಕಾದಂಬರಿಗಳನ್ನೂ ಆ ಕಿವಿ ಇಟ್ಟುಕೊಂಡು ಓದು.

ಬಾಡಿಗೆ ಮನೆಯಲ್ಲಿದ್ದುಕೊಂಡು ಹೊಸ ಕಿಟಕಿ ಇಟ್ಟವರೂ ಇದ್ದಾರೆ. ಬಾಹ್ಯಾಕಾಶದ ಹಡಗು ನಡೆಸುವ ಸುಲು ಇದ್ದಾನಲ್ಲ, ಅವನಿಗೆ ಧಾರಾವಾಹಿಯಲ್ಲಿ ಒಂದೇ ಹೆಸರು. ವೊಂಡಾ ಮೆಕಿಂಟೈರ್ 1981ರ ಕಾದಂಬರಿಯಲ್ಲಿ ಅವನನ್ನು ಹಿಕಾರು ಅಂತ ಕರೆದರು. ಹತ್ತು ವರ್ಷ ಬಿಟ್ಟು, 1991ರಲ್ಲಿ, ಸಿನಿಮಾದವರು ಅದನ್ನೇ ಎತ್ತಿಕೊಂಡರು. ಬಾಡಿಗೆಯವರು ಇಟ್ಟ ಹೆಸರನ್ನು ಮನೆ ಯಜಮಾನ ಮಗುವಿಗೆ ಇಟ್ಟ ಹಾಗೆ! ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ ಬಿಡು. 2001ರಿಂದ ಒಂದಷ್ಟು ಲೇಖಕರು ಸೇರಿ ಧಾರಾವಾಹಿ ಮುಗಿದಲ್ಲಿಂದ ಮುಂದಕ್ಕೆ ಒಂದೇ ಎಳೆಯಲ್ಲಿ ಕಥೆ ಬೆಳೆಸಿಕೊಂಡು ಬಂದರು. ಹೊಸ ಧಾರಾವಾಹಿಗಳು ಬಂದು ಬೇರೆಯದೇ ಹೇಳಿದ್ದರಿಂದ, 2021ರಲ್ಲಿ ಆ ಎಳೆಯನ್ನು ಅವರೇ ಮುಗಿಸಬೇಕಾಯಿತು. ಇಪ್ಪತ್ತು ವರ್ಷದ ಕೆಲಸ. ಅದಕ್ಕೇ ಹೇಳೋದು, ಕಥೆಯೊಳಗಿನ ಕಾಲದ ಪ್ರಕಾರ ಓದಬೇಡ, ಅಚ್ಚಾದ ವರ್ಷದ ಪ್ರಕಾರ ಓದು. ಯಾರ ಕೈ ಯಾವಾಗ ಕಟ್ಟಿತ್ತು ಅನ್ನೋದು ಆಗ ಮಾತ್ರ ಕಾಣುತ್ತದೆ.

ಮಾರ್ಕು ಹೇಗೆ ಹಾಕಬೇಕು ಅಂತ ಕೇಳಿದ್ದೀಯ. ನನಗೆ ಗೊತ್ತಿರುವುದು ಕಾಫಿ ಲೆಕ್ಕ. ಫೆಬ್ರವರಿಯಲ್ಲಿ ಕಣದಲ್ಲಿ ಒಣಗಿಸಿದ ರೋಬಸ್ಟಾ ಚೆರಿಯನ್ನು ವ್ಯಾಪಾರಿ ಕಣ್ಣಲ್ಲಿ ನೋಡಿ ಕೊಳ್ಳಲ್ಲ. ಚೀಲದಿಂದ ಸ್ವಲ್ಪ ತೆಗೆದು, ಸಿಪ್ಪೆ ಬಿಡಿಸಿ, ಬೀಜ ಬೇರೆ ಹೊಟ್ಟು ಬೇರೆ ತೂಗುತ್ತಾನೆ. 50 ಕಿಲೋ ಚೀಲಕ್ಕೆ ಬೀಜ 26 ಕಿಲೋ ಬೀಳುತ್ತೋ, 28 ಬೀಳುತ್ತೋ, ಅದು ಔಟ್‌ಟರ್ನ್. ರೇಟು ನಿಲ್ಲೋದು ಅದರ ಮೇಲೆ. ಚೀಲದಲ್ಲಿ ಹೊಟ್ಟು ಇದೆ ಅಂತ ಯಾರೂ ಜಗಳ ಆಡಲ್ಲ. ಹೊಟ್ಟು ಇರೋದೇ. ಈ ಕಾದಂಬರಿಗಳಲ್ಲೂ ಅಷ್ಟೆ. ನಾಯಕ ಬದುಕುವುದು, ಹಡಗು ಉಳಿಯುವುದು, ಕೊನೇ ಪುಟದಲ್ಲಿ ಎಲ್ಲ ಮೊದಲಿನಂತಾಗುವುದು, ಇದೆಲ್ಲ ಎಲ್ಲ ಚೀಲದಲ್ಲೂ ಇದೆ. ಅದಕ್ಕೆ ಮಾರ್ಕು ಕಳೆಯಬೇಡ. ಬೀಜ ತೂಗು. ಇನ್ನೊಂದು, ಏಳೂವರೆ ಅಂತ ಕೊಟ್ಟಿರೋದು ಒಂಬತ್ತು ಕಡೆ ಇದೆ. ಏಳಾದರೆ ಏಳು ಅನ್ನು, ಎಂಟಾದರೆ ಎಂಟು. ಅರ್ಧ ಮಾರ್ಕು ಸಂಕೋಚದವರ ಚಾಳಿ.

ಕೆಟ್ಟ ಪುಸ್ತಕಗಳನ್ನು ಬಿಡಬೇಡ, ನಿನಗೆ ಜಾಸ್ತಿ ಕಲಿಸೋದು ಅವೇ. ಒಳ್ಳೆಯದರಲ್ಲಿ ಹೊಲಿಗೆ ಕಾಣಲ್ಲ, ಸುಮ್ನೆ ಓದಿಸಿಕೊಂಡು ಹೋಗುತ್ತದೆ. ಕೆಟ್ಟದರಲ್ಲಿ ಎರಡು ಪಾತ್ರ ಕೂತು, ಇಬ್ಬರಿಗೂ ಗೊತ್ತಿರುವ ವಿಷಯವನ್ನೇ ಮೂರು ಪುಟ ಮಾತಾಡ್ತಾರಲ್ಲ, ಅಲ್ಲಿ ಪೆನ್ಸಿಲ್ ತಗೊಂಡು ಗೀಟು ಹಾಕು. ನಿನ್ನ ಹೋದ ತಿಂಗಳ ಕಥೆಯಲ್ಲೂ ಅಂಥದ್ದೇ ಒಂದು ಜಾಗ ಇತ್ತು. ಅತ್ತೆ ಸೊಸೆಗೆ ಅವಳ ಮದುವೆಯ ಕಥೆಯನ್ನೇ ಹೇಳುವುದು. ನೆನಪಾಯ್ತಾ?

ಈಗ ನನ್ನ ಮರ್ಯಾದೆ ಹೋಗುವ ವಿಷಯ. ನಾನೂ ನಿನ್ನ ವಯಸ್ಸಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೆ. ಲೈಬ್ರರಿಯ ಪತ್ತೇದಾರಿ, ಬೆಂಗಳೂರಿನಿಂದ ಬಂದ ಹಳೇ ಇಂಗ್ಲಿಷ್ ಪುಸ್ತಕ, ಎಲ್ಲಕ್ಕೂ ಅಂಕಿ. ಬರೀ ಅಂಕಿ. ನಿನ್ನೆ ಅಟ್ಟಕ್ಕೆ ಪುಸ್ತಕ ಹಾಕುವಾಗ ಅದು ಸಿಕ್ಕಿತು, ಬೆನ್ನು ಬಿಟ್ಟು ಹೋಗಿತ್ತು. ದೀಪದ ಬೆಳಕಿನಲ್ಲಿ ಓದಿದೆ. ಒಂದು ಪುಸ್ತಕಕ್ಕೆ ಜುಲೈಯಲ್ಲಿ 3, ಅದೇ ಪುಸ್ತಕಕ್ಕೆ ಮಾರ್ಚಿನಲ್ಲಿ 8! ಜುಲೈಯಲ್ಲಿ ಜ್ವರ ಇತ್ತಾ? ಮಾರ್ಚಿನಲ್ಲಿ ಹೂಮಳೆ ಸರಿಯಾಗಿ ಬಿದ್ದು ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದರಾ? ಗೊತ್ತಿಲ್ಲ, ಬರೆದೇ ಇಲ್ಲ. ನೀನು ಅಂಕಿ ಪಕ್ಕ ಎರಡು ಸಾಲು ಬರಿ. ಎಲ್ಲಿ ಕೂತು ಓದಿದೆ, ಯಾವ ಪುಟದಲ್ಲಿ ನಿದ್ದೆ ಬಂತು, ಯಾವ ವಾಕ್ಯ ಕದಿಯಬೇಕು ಅನ್ನಿಸಿತು.

ಅದೇ ನೋಟ್‌ಬುಕ್ಕಿನಲ್ಲಿ ಜಾನ್ ಎಂ. ಫೋರ್ಡ್ 1984ರಲ್ಲಿ ಬರೆದ 'ದಿ ಫೈನಲ್ ರಿಫ್ಲೆಕ್ಷನ್' ಇದೆ. ಹಡಗಿನ ಕ್ಯಾಪ್ಟನ್ ಕರ್ಕ್, ಸ್ಪಾಕ್ ಎಲ್ಲ ಆರಂಭದಲ್ಲಿ, ಕೊನೆಯಲ್ಲಿ ಸ್ವಲ್ಪ ಬಂದು ಹೋಗುತ್ತಾರೆ. ಉಳಿದದ್ದೆಲ್ಲ ಶತ್ರುಗಳಾದ ಕ್ಲಿಂಗನ್ನರ ಅಂಗಳದಲ್ಲೇ, ಒಬ್ಬ ಅನಾಥ ಹುಡುಗನ ಕಣ್ಣಲ್ಲಿ. ನಾನು 9 ಕೊಟ್ಟಿದ್ದೇನೆ. ನೀನು 4 ಕೊಟ್ಟಿದ್ದೀಯ. ಯಾಕೆ 9 ಅಂತ ನನ್ನನ್ನು ಕೇಳಿದರೆ ಉತ್ತರ ಇಲ್ಲ, ಆ ಹುಡುಗ ಮತ್ತು ಒಂದು ಆಟದ ಹಲಗೆ ಬಿಟ್ಟರೆ ಏನೂ ನೆನಪಿಲ್ಲ. ನನ್ನ ಪ್ರತಿಯನ್ನು ಯಾರೋ ಓದೋಕೆ ಒಯ್ದವರು ವಾಪಸ್ ಕೊಡಲಿಲ್ಲ. ನಿನ್ನದನ್ನು ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಸೋಮವಾರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸು. ಮದ್ದುಸೊಪ್ಪಿನ ಪಾಯಸದ ದಿನ ನೀನೇ ಬರುವುದಾದರೆ ಇನ್ನೂ ಒಳ್ಳೆಯದು, ಜಗಳ ಎದುರಿಗೇ ಆಡಬಹುದು.

ನಿನ್ನ
ಅಕ್ಕ