ಚೀಟಿ ಎತ್ತಿಸಿದ ಮೇಡಂಗೂ, ಸವಳು ಮಣ್ಣು ಹೊತ್ತ ಅಪ್ಪನಿಗೂ

ಮೊನ್ನೆ ಶನಿವಾರ ರಾಯಚೂರಿನಲ್ಲಿ ನಮ್ಮ ಮೂರು ದಿನದ ಮೆಟಬಾಲೊಮಿಕ್ಸ್ (ಜೀವಿಯೊಳಗಿನ ಸಣ್ಣ ಅಣುಗಳನ್ನು ಒಟ್ಟಿಗೆ ಅಳೆಯುವ ವಿದ್ಯೆ) ಡೇಟಾ ತರಬೇತಿ ಮುಗಿಯಿತು. 14 ಮಂದಿ ಪಿಎಚ್‌ಡಿ ವಿದ್ಯಾರ್ಥಿಗಳು, 11 ಲ್ಯಾಪ್‌ಟಾಪ್, ನಡುನಡುವೆ ಕೈಕೊಡುವ ಕರೆಂಟು. ಕಲಿಸಿದವಳು ನಾನು. ನಾಲ್ಕು ವರ್ಷದ ಹಿಂದೆ ಇದೇ ವಿಷಯಕ್ಕೆ ಹಾಸ್ಟೆಲ್ ಮಾಳಿಗೆ ಮೇಲೆ ಕೂತು ಅತ್ತವಳೂ ನಾನೇ.

ನಾನು ಗಂಗಾವತಿ ಕಡೆಯವಳು. ನಮ್ಮ ತಗ್ಗಿನ ಗದ್ದೆ ಕಾಲುವೆ ನೀರು ನಿಂತು ನಿಂತು ಸವಳಾಗಿದೆ. ಅಂಥ ಮಣ್ಣಿನಲ್ಲಿ ಭತ್ತದ ಎಲೆಯೊಳಗಿನ ಸಕ್ಕರೆ, ಅಮೈನೊ ಆಮ್ಲದಂಥ ಸಣ್ಣ ಅಣುಗಳು ಹೇಗೆ ಏರುಪೇರಾಗುತ್ತವೆ ಅಂತ ನೋಡುವುದು ನನ್ನ ಕೆಲಸ. 24 ಸ್ಯಾಂಪಲ್‌ಗಳನ್ನು ಅಣುಗಳ ತೂಕ ಅಳೆಯುವ ಮಷಿನ್, ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹಾಕಿಸಿಕೊಂಡು ಬಂದೆ. ಮೂರು ಸಾವಿರ ಸಾಲಿನ ಟೇಬಲ್ ಬಂತು, ಒಂದೊಂದು ಸಾಲೂ ಮಷಿನ್ ಕಂಡ ಒಂದೊಂದು ಸಂಕೇತ. ಪಿಸಿಎ ಮಾಡಿದರೆ (ಒಂದೇ ಥರದ ಸ್ಯಾಂಪಲ್‌ಗಳನ್ನು ಹತ್ತಿರ ಹತ್ತಿರ ಚುಕ್ಕಿಗಳಾಗಿ ತೋರಿಸುವ ಚಿತ್ರ) ಸವಳಿನವು ಎಡಕ್ಕೆ, ಒಳ್ಳೆ ಮಣ್ಣಿನವು ಬಲಕ್ಕೆ. ಎಷ್ಟು ಚೆಂದ! ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ.

ಆಗ ಬೆಂಗಳೂರಿನಲ್ಲಿ ನಾನು ಹೋಗಿದ್ದ ತರಬೇತಿಯಲ್ಲಿ ಅದನ್ನು ಕಲಿಸುತ್ತಿದ್ದ ಮೇಡಂಗೆ ತೋರಿಸಿದೆ. ಅವರು ಚಿತ್ರದ ಕಡೆ ಸರಿಯಾಗಿ ನೋಡಲೂ ಇಲ್ಲ. "ಯಾವ ಸ್ಯಾಂಪಲ್ ಯಾವ ದಿನ ಓಡಿಸಿದ್ದು?" ಅಂದರು. ಸವಳಿನ 12 ಸೋಮವಾರ, ಉಳಿದ 12 ಬುಧವಾರ. ನಡುವೆ ಮಷಿನ್‌ನಲ್ಲಿ ಅಣುಗಳನ್ನು ಬೇರ್ಪಡಿಸುವ ಕೊಳವೆ, ಅಂದರೆ ಕಾಲಂ, ಬೇರೆ ಬದಲಾಗಿತ್ತು. ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ಗೋಡೆ ಮೇಲಿದ್ದದ್ದು ಬರೀ ಸೋಮವಾರ-ಬುಧವಾರದ ಜಗಳ ಇರಬಹುದು. ಮಣ್ಣಿನದೆಷ್ಟು, ದಿನದ್ದೆಷ್ಟು ಅಂತ ಬಿಡಿಸಲು ಯಾವ ಸಾಫ್ಟ್‌ವೇರ್‌ಗೂ ಆಗಲ್ಲ.

ಮೇಡಂ ಬೈಯಲಿಲ್ಲ. ಮರುದಿನ ಸ್ಟೀಲ್ ಡಬ್ಬಿಯೊಂದಕ್ಕೆ ಸ್ಯಾಂಪಲ್‌ಗೊಂದರಂತೆ 24 ಚೀಟಿ ಹಾಕಿ ಎತ್ತಿಸಿದರು. ಚೀಟಿ ಬಂದ ಕ್ರಮದಲ್ಲೇ ಓಡಿಸಬೇಕು, ಆಗ ಮಣ್ಣೂ ದಿನವೂ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಎಲ್ಲ ಸ್ಯಾಂಪಲ್‌ನಿಂದ ಸ್ವಲ್ಪ ಸ್ವಲ್ಪ ತೆಗೆದು ಒಂದು ಕ್ಯೂಸಿ, ಅಂದರೆ ಗುಣಮಟ್ಟ ನೋಡುವ ಮಿಶ್ರಣ, ಮಾಡಿ, ಐದಕ್ಕೊಮ್ಮೆ ಅದನ್ನೂ ಓಡಿಸಬೇಕು. ಮಷಿನ್ ದಾರಿ ತಪ್ಪಿದರೆ ಅದು ಹೇಳುತ್ತದೆ. ಮೂರು ಸಾವಿರ ಸಾಲಿಗೆ 0.05ರ ಗೆರೆ (ಬರೀ ಅದೃಷ್ಟದಿಂದ ನೂರಕ್ಕೆ ಐದು ದಾಟುವ ಗೆರೆ) ಎಳೆದರೆ, ಏನೂ ಇಲ್ಲದಿದ್ದರೂ ಸುಮ್ನೆ 150 ಸಾಲು 'ಗೆಲ್ಲುತ್ತವೆ' ಅಂತ ಲೆಕ್ಕ ಹಾಕಿ ತೋರಿಸಿದರು. ಲ್ಯೂಸಿನ್, ಐಸೊಲ್ಯೂಸಿನ್ ಎಂಬ ಎರಡು ಅಮೈನೊ ಆಮ್ಲಗಳ ತೂಕ ಒಂದೇ, ಬರೀ ತೂಕ ನೋಡಿ ಹೆಸರಿಡಬೇಡಿ ಅಂದರು. ಮೇಡಂ, ನಿಮಗೆ ಮೊದಲ ನಮಸ್ಕಾರ.

ಇನ್ನೊಂದು ಬೆಳೆ ತೆಗೆಯಲು ಒಪ್ಪಿದ ಗೈಡ್ ಸರ್‌ಗೆ. ರಾತ್ರಿ ಎರಡಕ್ಕೆ ಎದ್ದು, ಲೆಕ್ಕಕ್ಕೆ ಬಳಸುವ 'ಆರ್' ಎಂಬ ಕಂಪ್ಯೂಟರ್ ಭಾಷೆಯ ಕೋಡಿನಲ್ಲಿ ನಾನು ಬಿಟ್ಟಿದ್ದ ಅಲ್ಪವಿರಾಮ ಹುಡುಕಿಕೊಟ್ಟ ರೂಮ್‌ಮೇಟ್‌ಗೆ. ಗೊಬ್ಬರದ ಚೀಲದಲ್ಲಿ ಮತ್ತೆ ಸವಳು ಮಣ್ಣು ತುಂಬಿ ಬಸ್ಸಿನಲ್ಲಿ ತಂದ ಅಪ್ಪನಿಗೆ. ಮಣ್ಣಿಗೂ ಲಗೇಜ್ ಟಿಕೆಟ್ ಹರಿದರಂತೆ! ಈಗಲೂ ಫೋನ್ ಮಾಡಿದಾಗಲೆಲ್ಲ "ಸವಳಿನ ಕತಿ ಏನಾತವ್ವಾ?" ಅಂತಲೇ ಶುರು.

ಕತಿ ಇಷ್ಟೇ ಅಪ್ಪಾ: ಎರಡನೇ ಸಲ ಗುಂಪುಗಳು ಅಷ್ಟು ದೂರ ಸರಿಯಲಿಲ್ಲ. ಸವಳಿನ ಭತ್ತದಲ್ಲಿ ಪ್ರೋಲಿನ್ ಎಂಬ ಅಮೈನೊ ಆಮ್ಲ ಏರಿದ್ದು ಮಾತ್ರ ಗಟ್ಟಿಯಾಗಿ ನಿಂತಿತು. ಅದು ಹಳೇ ಸುದ್ದಿಯೇ. ಆದರೆ ಗೋಡೆಗೆ ಅಂಟಿಸಲು ಈಗ ಭಯವಿಲ್ಲ.

ಶನಿವಾರ ನಾನೂ ಡಬ್ಬಿ ಇಟ್ಟು ಚೀಟಿ ಎತ್ತಿಸಿದೆ. ಮಾನ್ವಿಯ ಹುಡುಗಿಗೆ ಮೊದಲ ಮೂರೂ ಸವಳಿನವೇ ಬಂದವು. "ಮತ್ತೆ ಕಲಸಿ ಎತ್ತಲಾ ಅಕ್ಕಾ?" ಅಂದಳು. ಬೇಡ, ಬಂದದ್ದೇ ಇರಲಿ ಅಂದೆ.